ಗಡಿನಾಡು ಮತ್ತು ಸಣ್ಣ ಪಕ್ಷದ ದನಿ

ಹನೂರು, ಅಜ್ಜೀಪುರಗಳನ್ನೊಳಗೊಂಡ ಕೊಳ್ಳೇಗಾಲ ಸೀಮೆ 1956ರ ಅಕ್ಟೋಬರ್ ಮುಗಿಯುವವರೆಗೂ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೆಚ್ಚಿನವರ ಮನೆಮಾತು ಕನ್ನಡ. ಜಿಲ್ಲಾಕೇಂದ್ರ ಮಾತ್ರ ತಮಿಳು ಸೀಮೆಯಲ್ಲಿ. ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಜನರ ನುಡಿಗೆ ಹತ್ತಿರವಿರಬೇಕೆಂಬುದೇ ರಾಜ್ಯಗಳ ಆ ಭಾಷಾವಾರು ವಿಂಗಡಣೆಯ ತಿರುಳು. ನೆರೆಯ ಚಾಮರಾಜನಗರದಲ್ಲಿ ವಾಟಾಳ್ ನಾಗರಾಜ್ ಅವರ ಕನ್ನಡ ಚಳವಳಿ ವಾಟಾಳ್ ಪಕ್ಷ ಬೇರೂರಿದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು.

2004ರ ಕರ್ನಾಟಕ ವಿಧಾನಸಭೆಯಲ್ಲಿ ಆ ಪಕ್ಷಕ್ಕಿದ್ದದ್ದು ಒಂದೇ ಸ್ಥಾನ. ಆದರೂ ಇಂಥ ಪಕ್ಷದ ನುಡಿಯಭಿಮಾನ ಭಾರತದ ಒಕ್ಕೂಟವನ್ನು ಒಡೆಯದೇ ಎಂಬ ಆಕ್ಷೇಪವುಂಟು. ಯುರೋಪಿನ ಏಕೀಕರಣವನ್ನು ವಿರೋಧಿಸಿದ ಫ್ರಾನ್ಸಿನ ಸಣ್ಣ ಪಕ್ಷಗಳನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ: ಅವರ ತಕರಾರು ಒಕ್ಕೂಟದ ಮೇಲೆಯೇ, ಇಲ್ಲಿಯ ಬೇಡಿಕೆ ಒಕ್ಕೂಟದೊಳಗಿನ ಗೌರವ. ಕೊಳ್ಳೇಗಾಲ ಕನ್ನಡನಾಡಿಗೆ ಸೇರಿದ್ದರಿಂದ ಭಾರತ ಸಡಿಲವಾಗಲಿಲ್ಲ. ಆದರೆ ಅದೇ ನ್ಯಾಯ ಹನೂರು ಗಡಿಯ ತಮಿಳು ಮನೆಮಾತಿನವರಿಗೂ ಸಲ್ಲಬೇಕು. ಆಗಲೇ ಅದು ನ್ಯಾಯ.