ಕಂಬ ಬಾರದ ಮನೆಗಳು: ಮಲೆನಾಡು, ಕರಾವಳಿಯ ಸೌರದೀಪದ ಇತಿಹಾಸ

ಒಂದು ಊರಿನ ಕಂದಾಯ ಗಡಿಯೊಳಗೆ ಯಾವ ಉದ್ದೇಶಕ್ಕಾದರೂ ವಿದ್ಯುತ್ ಬಳಕೆಯಾಗುತ್ತಿದ್ದರೆ, ಅದು ಒಬ್ಬ ರೈತನ ಒಂದೇ ಪಂಪ್‌ಸೆಟ್ ಆಗಿದ್ದರೂ, ಆ ಊರನ್ನು ವಿದ್ಯುದೀಕೃತವೆಂದು ಬರೆದುಕೊಳ್ಳುವ ಪದ್ಧತಿ ಭಾರತದ ಸರ್ಕಾರಿ ಲೆಕ್ಕದಲ್ಲಿ ಬಹುಕಾಲ ನಡೆದುಬಂತು. 1997ರಲ್ಲಿ ಆ ಬಳಕೆ ಜನವಸತಿಯೊಳಗೇ ಇರಬೇಕೆಂದೂ, 2004ರಲ್ಲಿ ಕಡೇಪಕ್ಷ ಶೇ. 10ರಷ್ಟು ಮನೆಗಳಿಗೆ ಸಂಪರ್ಕ ದೊರೆತಿರಬೇಕೆಂದೂ ವ್ಯಾಖ್ಯೆಯನ್ನು ಬಿಗಿಗೊಳಿಸಲಾಯಿತಾದರೂ, ಉಳಿದ ಶೇ. 90ರ ಗತಿಯೇನೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಈ ಲೆಕ್ಕದ ಸಂದಿನಲ್ಲಿ ಸುಲಭವಾಗಿ ಮರೆಯಾದವು ಮಲೆನಾಡಿನ ಮತ್ತು ಕರಾವಳಿಯ ಒಂಟಿ ಮನೆಗಳು. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕೂತ ಮನೆಗಳ ಸಾಲು. ಇಲ್ಲಿಯಾದರೋ ತೋಟಕ್ಕೊಂದು ಮನೆ, ನಡುವೆ ಗುಡ್ಡ, ಹಳ್ಳ, ಕಾಡು. ಒಂದೇ ಕುಟುಂಬಕ್ಕಾಗಿ ಹತ್ತಾರು ಕಂಬ ನೆಡುವ ಖರ್ಚು ವಿದ್ಯುತ್ ಮಂಡಳಿಗೆ ಎಂದೂ ಗಿಟ್ಟುತ್ತಿರಲಿಲ್ಲ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದ ರಾಜ್ಯದಲ್ಲಿ, ಜಲವಿದ್ಯುತ್ತಿಗಾಗಿಯೇ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಭೂಮಿ ಕಳೆದುಕೊಂಡ ಅನೇಕ ಕುಟುಂಬಗಳು ದಶಕಗಳವರೆಗೆ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಬದುಕಬೇಕಾಯಿತೆಂಬುದನ್ನು ಕೇವಲ ವಿಪರ್ಯಾಸವೆಂದರೆ ಸಾಲದು; ಅದು ಆಯ್ಕೆಯ ಫಲ.

ಕಂಬದ ಹಂಗಿಲ್ಲದೆ, ಬೆಳಕು ಬಿದ್ದಾಗ ನೇರವಾಗಿ ವಿದ್ಯುತ್ ಹರಿಸುವ ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯವು 1954ರಲ್ಲಿ ಪ್ರಕಟಿಸಿತು. ಬಿದ್ದ ಬೆಳಕಿನ ಸುಮಾರು ಶೇ. 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿದ್ದ ಈ ದುಬಾರಿ ಕೋಶವು ಮೊದಲ ಎರಡು ದಶಕಗಳಲ್ಲಿ ಮುಖ್ಯವಾಗಿ ಉಪಗ್ರಹಗಳಿಗೆ ಸಂದಿತು. ಭಾರತದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಸೌರಕೋಶ ತಯಾರಿಸಿತು, 1982ರಲ್ಲಿ ಕೇಂದ್ರ ಸರ್ಕಾರವು ಅಸಾಂಪ್ರದಾಯಿಕ ಇಂಧನಕ್ಕಾಗಿಯೇ ಇಲಾಖೆಯೊಂದನ್ನು ತೆರೆಯಿತು. ಆದರೆ ಸಹಾಯಧನದ ಬಲದಿಂದ ಹಳ್ಳಿಗಳಿಗೆ ಹೋದ ದೀಪಗಳಲ್ಲಿ ಅನೇಕವು ಬ್ಯಾಟರಿ ಸತ್ತ ದಿನವೇ ಆರಿದವು. ಕೊಟ್ಟವರಿಗೆ ಕೊಡುವುದಷ್ಟೇ ಕೆಲಸವಾಗಿತ್ತು.

ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದಾಗ ಎದುರಿದ್ದದ್ದು ಹೀಗೆ ಆರಿದ ದೀಪಗಳು ಬಿಟ್ಟುಹೋದ ಅಪನಂಬಿಕೆ. ವಿದ್ಯಾರ್ಥಿದೆಸೆಯಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಬಡ ಹಳ್ಳಿಗರು ಹಣ ತೆತ್ತು ಸೌರದೀಪ ಪಡೆದದ್ದನ್ನು ಕಂಡಿದ್ದ ಹಂದೆ, ದೀಪವನ್ನು ದಾನವಾಗಿ ಹಂಚದೆ ಸಾಲದ ಮೇಲೆ ಮಾರುವ ಹಾದಿ ಹಿಡಿದರು. ನಾಲ್ಕು ದೀಪಗಳ ವ್ಯವಸ್ಥೆಗೆ ಹದಿನೈದು, ಇಪ್ಪತ್ತು ಸಾವಿರ ರೂಪಾಯಿ ಬೀಳುತ್ತಿದ್ದ ಕಾಲದಲ್ಲಿ ಅಷ್ಟನ್ನು ಒಮ್ಮೆಗೇ ಎಣಿಸಿಕೊಡಬಲ್ಲ ಕೂಲಿಕಾರನಾಗಲಿ ಸಣ್ಣ ಹಿಡುವಳಿದಾರನಾಗಲಿ ಇರಲಿಲ್ಲ. ಸೀಮೆಎಣ್ಣೆಗೂ ಮೇಣದ ಬತ್ತಿಗೂ ತಿಂಗಳು ತಿಂಗಳು ಕೊಡುತ್ತಿದ್ದ ಹಣವನ್ನೇ ಕಂತಿಗೆ ತಿರುಗಿಸುವಂತಾದರೆ ಮಾತ್ರ ದೀಪ ಕೊಳ್ಳುವುದು ಸಾಧ್ಯವಿತ್ತು.

ಈ ಪ್ರಯತ್ನ ಬೇರೂರಿದ್ದು ಮಲೆನಾಡು, ಕರಾವಳಿಯ ಸೀಮೆಯಲ್ಲೇ ಎಂಬುದು ಆಕಸ್ಮಿಕವಿರಲಾರದು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತ್ತು. ಅದೇ ಕರಾವಳಿಯ ಸಿಂಡಿಕೇಟ್ ಬ್ಯಾಂಕ್ 1928ರಿಂದಲೇ ಪಿಗ್ಮಿ ಠೇವಣಿಯ ಹೆಸರಿನಲ್ಲಿ, ಅಂದರೆ ಏಜೆಂಟನು ದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಲ್ಲರೆಯನ್ನು ಪಡೆದು ಖಾತೆಗೆ ಜಮಾ ಮಾಡುವ ಪದ್ಧತಿಯಲ್ಲಿ, ಬಡವರ ಉಳಿತಾಯವನ್ನು ಒಗ್ಗೂಡಿಸಿತ್ತು. ಸಣ್ಣ ಹಣದ ಲಯವನ್ನು ಬಲ್ಲ ಬ್ಯಾಂಕಿಂಗ್ ಪರಂಪರೆ ಇದ್ದಲ್ಲಿಯೂ ಸೌರದೀಪಕ್ಕೆ ಸಾಲ ಸುಲಭವಾಗಿ ಹುಟ್ಟಲಿಲ್ಲ. ಪಂಪ್‌ಸೆಟ್ ಬೆಳೆ ತರುತ್ತದೆ, ಎಮ್ಮೆ ಹಾಲು ಕೊಡುತ್ತದೆ, ದೀಪ ಏನು ತರುತ್ತದೆಂಬ ವ್ಯವಸ್ಥಾಪಕರ ಪ್ರಶ್ನೆಗೆ ರಾತ್ರಿ ಕಟ್ಟುವ ಬೀಡಿ, ಹೆಣೆಯುವ ಬುಟ್ಟಿ, ಸುಲಿಯುವ ಅಡಿಕೆಯ ಲೆಕ್ಕವನ್ನು ಮುಂದಿಡಬೇಕಾಯಿತು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಇಂತಹ ಸಾಲಕ್ಕೆ ಮೊದಲಾಗಿ ಮುಂದಾದವುಗಳಲ್ಲಿ ಒಂದು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಬ್ಯಾಂಕ್ ಅಧಿಕಾರಿಗಳಿಗೆ ಈ ಬಗ್ಗೆ ತರಬೇತಿ ನೀಡಿತು. ಕೂಲಿಯವರಿಗೆ ವಾರದ ಕಂತು, ಅಡಿಕೆ ಬೆಳೆಗಾರರಿಗೆ ಕೊಯ್ಲಿನ ನಂತರದ ಕಂತು ಎಂಬ ಹೊಂದಾಣಿಕೆ ಬೆಳೆಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳೊಡನೆ ಸೇರಿ ಬಡ್ಡಿಯ ಒಂದು ಪಾಲನ್ನು ಭರಿಸಿ, ಆಮೇಲೆ ಆ ನೆರವನ್ನು ಹಂತಹಂತವಾಗಿ ಹಿಂತೆಗೆದುಕೊಂಡಿತು. ನಾಲ್ಕೈದು ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಮನೆಗಳು ಸಾಲ ಪಡೆದವು. ಸಾಲದ ಪುಸ್ತಕಕ್ಕೆ ಇದ್ದಷ್ಟೇ ಮಹತ್ವ, ಹತ್ತಿರದ ಪೇಟೆಯಲ್ಲಿ ಕಚೇರಿಯಿಟ್ಟು ಕರೆದಾಗ ಬರುತ್ತಿದ್ದ ತಂತ್ರಜ್ಞನಿಗೂ ಇತ್ತು.

ವ್ಯವಸ್ಥೆಯಾದರೂ ಸರಳ. ಮಾಡಿನ ಮೇಲಿನ 35, 40 ವಾಟ್‌ಗಳ ಫಲಕ ಹಗಲು 12 ವೋಲ್ಟ್‌ನ ಸೀಸ–ಆಮ್ಲ ಬ್ಯಾಟರಿಯನ್ನು ತುಂಬುತ್ತದೆ. ಚಾರ್ಜ್ ಕಂಟ್ರೋಲರ್ ಎಂಬ ಸಣ್ಣ ಪೆಟ್ಟಿಗೆ ಬ್ಯಾಟರಿ ಮಿತಿ ಮೀರಿ ತುಂಬದಂತೆಯೂ ಪೂರ್ತಿ ಬರಿದಾಗದಂತೆಯೂ ಕಾಯುತ್ತದೆ. ಆದರೆ ಆಷಾಢದ ಮೋಡವೂ ಅಡಿಕೆ ಮರಗಳ ನೆರಳೂ ಪುಸ್ತಕದ ಲೆಕ್ಕವನ್ನು ತಲೆಕೆಳಗು ಮಾಡುತ್ತಿದ್ದುದರಿಂದ, ಬಿಸಿಲಿಲ್ಲದ ದಿನಗಳಿಗಾಗುವಷ್ಟು ದೊಡ್ಡ ಬ್ಯಾಟರಿ, ಎತ್ತರದ ಕಂಬದ ಮೇಲೆ ಫಲಕ, ಅಡುಗೆಮನೆಗೂ ಕೊಟ್ಟಿಗೆಗೂ ಒಯ್ಯಬಲ್ಲ ದೀಪ ಮುಂತಾದ ಮಾರ್ಪಾಡುಗಳು ಮನೆಯಿಂದ ಮನೆಗೆ ಬೇರೆಯಾಗಿಯೇ ಆಗಬೇಕಿತ್ತು.

ಜರ್ಮನಿಯು ತನ್ನ ವಿದ್ಯುತ್ ಜಾಲಕ್ಕೆ ಸೌರವಿದ್ಯುತ್ ಮಾರುವವರಿಗೆ ಉದಾರ ದರ ನಿಗದಿ ಮಾಡಿದ್ದರಿಂದ 2004ರ ನಂತರ ಜಗತ್ತಿನಾದ್ಯಂತ ಸಿಲಿಕಾನ್ ಕೊರತೆ ಉಂಟಾಗಿ, ಜಾಲವೇ ಇಲ್ಲದ ಮನೆಗಳ ಫಲಕವೂ ತುಟ್ಟಿಯಾಯಿತು. ಚೀನಾದ ಉತ್ಪಾದನೆ ಹೆಚ್ಚಿ 2009ರಿಂದ ಬೆಲೆ ಕುಸಿಯಿತು, ಎಲ್‌ಇಡಿ ಬಂದು ಅರ್ಧಕ್ಕಿಂತ ಚಿಕ್ಕ ಫಲಕವೂ ಸಾಕಾಯಿತು. ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮುಂದಿನ ವರ್ಷಗಳಲ್ಲಿ ರಾಷ್ಟ್ರೀಯ ನೀತಿಯ ಒಲವು ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಂತಹ ಬೃಹತ್ ಸ್ಥಾವರಗಳ ಕಡೆಗೆ ಹೊರಳಿತು. ಕೇಂದ್ರ ಸರ್ಕಾರದ 2017ರ ಸೌಭಾಗ್ಯ ಯೋಜನೆ ಅನೇಕ ಒಂಟಿ ಮನೆಗಳಿಗೂ ತಂತಿ ಎಳೆಯಿತು. ಆದರೂ ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ದಿನಗಟ್ಟಲೆ ಕರೆಂಟು ಬಾರದ ಸೀಮೆಯಲ್ಲಿ, ನಾಲ್ಕೈದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವ ಶಕ್ತಿಯುಳ್ಳವರು ಹಳೆಯ ಸೌರದೀಪವನ್ನು ಉಳಿಸಿಕೊಂಡರು. ಆ ಖರ್ಚಿಗೆ ಮತ್ತೊಂದು ಸಾಲ ಸಿಗದವರ ಮಾಡಿನ ಮೇಲೆ ಫಲಕ ಮಾತ್ರ ಉಳಿಯಿತು.