ಸರ್ ಸಿ. ವಿ. ರಾಮನ್ ಅವರ ಜೀವನ ಮತ್ತು ಸಂಶೋಧನೆ



ಭೌತವಿಜ್ಞಾನವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಪಶ್ಚಿಮ ದೇಶಗಳ ಕಡೆಗೆ ಹರಿಯುವುದು. ಬೆಲೆಬಾಳುವ ಯಂತ್ರಗಳಿಲ್ಲದೆ, ಕಡಲು ದಾಟಿ ಕಲಿಯದೆ, ಆ ಶಾಸ್ತ್ರದಲ್ಲಿ ಹೊಸ ಮಾತನ್ನು ಹೇಳಲಾಗದೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲ ಬೇರೂರಿದ್ದಿತು. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಸರ್ ಚಂದ್ರಶೇಖರ ವೆಂಕಟ ರಾಮನ್ ಅವರ ಜೀವಿತದಿಂದ ವಿಚಾರಿಸಿ ನೋಡೋಣ.

ರಾಮನ್ ಅವರು ಜನಿಸಿದುದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದರಾಸಿನಲ್ಲಿ ಓದಿ, 1907ರಲ್ಲಿ ಎಂ.ಎ. ಪದವಿಯನ್ನು ಪಡೆದು, ಹಣಕಾಸಿನ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲೆಲ್ಲ ಲೆಕ್ಕಪತ್ರ, ಬೆಳಗ್ಗೆ ಸಂಜೆ, ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆ. 1917ರಲ್ಲಿ ಆ ಹೆಚ್ಚಿನ ಸಂಬಳವನ್ನು ಬಿಟ್ಟು ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕರಾದರು. ಆ ಪೀಠಕ್ಕೆ ಬರುವವರು ಹೊರದೇಶದಲ್ಲಿ ಶಿಕ್ಷಣ ಪಡೆದಿರಬೇಕೆಂಬ ನಿಯಮವಿದ್ದಿತು. ರಾಮನ್ ಅವರು ಅದಕ್ಕೆ ಒಪ್ಪಲಿಲ್ಲ, ನಿಯಮವೇ ಸಡಿಲವಾಯಿತು.

1921ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಅದು ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಅವರು ಒಂದು ಚಿಕ್ಕ ಪಟ್ಟಕದಿಂದ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರೂ ನೀಲಿ ಉಳಿದೇ ಇದ್ದಿತು; ನೀರೇ ಬೆಳಕನ್ನು ಚದುರಿಸುತ್ತಿದ್ದಿತು. ಅಲ್ಲಿಂದ ಮುಂದುವರಿದ ಶೋಧನೆಯಲ್ಲಿ, ಕೆ. ಎಸ್. ಕೃಷ್ಣನ್ ಅವರೊಡನೆ, 1928ರ ಫೆಬ್ರವರಿ 28ರಂದು ಕಂಡುದೇ ರಾಮನ್ ಪರಿಣಾಮ. ಒಂದೇ ವರ್ಣದ ಬೆಳಕು ದ್ರವದಲ್ಲಿ ಚದುರಿದಾಗ ಅದರ ಅಲ್ಪಾಂಶದ ವರ್ಣ ಬದಲಾಗುವುದು. ಆ ಬದಲಾವಣೆಯಿಂದ ಅಣುಗಳ ಕಂಪನವನ್ನು ತಿಳಿಯಬಹುದು. 1930ರಲ್ಲಿ ನೊಬೆಲ್ ಬಹುಮಾನ ಬಂದಿತು. ಬಳಸಿದ ಉಪಕರಣಗಳಾದರೋ ಅತ್ಯಲ್ಪ ಬೆಲೆಯವು.

1933ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಮರುವರ್ಷವೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯನ್ನು ಸ್ಥಾಪಿಸಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿ ನಮ್ಮ ಮೃದಂಗವನ್ನು ಕುರಿತು ಬರೆದರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವೆ ಹಚ್ಚುವ ಕರಣೆಯ ಭಾರದಿಂದ ಒಂಬತ್ತು ಬಗೆಯ ಕಂಪನಗಳು ಐದು ಸುಸ್ವರಗಳಾಗಿ ಕೂಡುವುವೆಂದು ಅವರು ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ತೋರಿಸಿದರು. ಹರಪನಹಳ್ಳಿಯ ಸಮೀಪದ ಬಾಗಳಿಯಲ್ಲಿ 10ನೆಯ ಶತಮಾನದ ಕಲ್ಲೇಶ್ವರಾಲಯವನ್ನು ಕಟ್ಟಿದ ಶಿಲ್ಪಿಗಳಂತೆಯೇ, ಕರಣೆ ಹಚ್ಚಿದವರೂ ಕೈಯಿಂದ ಬಲ್ಲವರು. ಆ ಕೈಯ ಅರಿವನ್ನು ಗಣಿತದ ಮಾತಿನಲ್ಲಿ ಓದಿದವರು ರಾಮನ್.

ಚರಿತ್ರೆಯನ್ನು ಹೇಳುವಾಗ ಗುಣವನ್ನಷ್ಟೇ ಹೇಳಿದರೆ ಸಾಲದು. ಅದೇ 1933ರಲ್ಲಿ ಕಮಲಾ ಭಾಗವತ್ ಎಂಬ ಪದವೀಧರೆ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದಾಗ, ಸ್ತ್ರೀಯೆಂಬ ಕಾರಣದಿಂದ ರಾಮನ್ ಅವರು ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಪ್ರವೇಶ ದೊರೆಯಿತು. ಆಕೆಯ ಕೆಲಸವನ್ನು ಕಂಡ ಮೇಲೆ ಇತರ ಸ್ತ್ರೀಯರಿಗೂ ಬಾಗಿಲು ತೆರೆಯಿತು. ಭಾರತೀಯರ ಶಕ್ತಿಯನ್ನು ಕುರಿತ ಪೂರ್ವಗ್ರಹವನ್ನು ಮುರಿದವರಲ್ಲಿಯೇ ಇನ್ನೊಂದು ಪೂರ್ವಗ್ರಹವಿದ್ದಿತೆಂಬುದನ್ನು ನಾವು ಮರೆಯಲಾಗದು.

ಆಡಳಿತದ ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ನಿರ್ದೇಶಕ ಪದವಿಯನ್ನು ತೊರೆದರೂ ಪ್ರಾಧ್ಯಾಪಕರಾಗಿ ಬೆಂಗಳೂರಿನಲ್ಲಿಯೇ ನಿಂತರು. ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ 1948ರಲ್ಲಿ ತಮ್ಮ ಸಂಶೋಧನಾಲಯವನ್ನು ತೆರೆದು, 1970ರ ನವೆಂಬರ್ 21ರಂದು ಕಣ್ಮುಚ್ಚುವವರೆಗೆ ಅಲ್ಲಿ ದುಡಿದರು. ಸುತ್ತಲಿನ ಕಡಲನ್ನೂ ಮೃದಂಗವನ್ನೂ ಪ್ರಶ್ನಿಸುವ ಹುಡುಗನಿಗೂ ಹುಡುಗಿಗೂ ಸಮನಾಗಿ ಎಡೆಗೊಡುವುದು ಇಂದು ನಮ್ಮ ಕಾಲೇಜುಗಳ ಹೊಣೆ.