ತಾಜಸುಲ್ತಾನಪುರದ ‘ಪುರ’
ತಾಜಸುಲ್ತಾನಪುರವೆಂಬ ಹೆಸರನ್ನು ಕಲಬೆರಕೆಯೆಂದು ಹಳಿಯುವವರುಂಟು. ಕಲಬುರಗಿಯ ಮಗ್ಗುಲಿನ ಈ ಊರಿನ ‘ತಾಜ’ ಪಾರಸಿಯದು, ‘ಸುಲ್ತಾನ’ ಅರಬ್ಬಿಯದು, ‘ಪುರ’ ಸಂಸ್ಕೃತದ್ದು, ನಿಜ. ಆದರೆ ಆ ಪುರಕ್ಕೆ ಗ್ರೀಕರ ‘ಪೊಲಿಸ್’ ದಾಯಾದಿಯೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಎರಡಕ್ಕೂ ಕೋಟೆಯೆಂಬುದೇ ಹಳೆಯ ಅರ್ಥ. ಯುರೋಪಿನಲ್ಲಿ ಪೊಲಿಸ್ ಪಟ್ಟ ಪಾಡನ್ನು ವಾಚಕರು ನೋಡಬೇಕು. ‘ಹೊಸ ಪಟ್ಟಣ’ವೆಂಬರ್ಥದ ನೆಯಾಪೊಲಿಸ್ ಇಟಲಿಯವರ ಬಾಯಲ್ಲಿ ನಾಪೊಲಿಯಾಯಿತು. 1783ರಲ್ಲಿ ರಷ್ಯನ್ನರು ಕ್ರಿಮಿಯಾದಲ್ಲಿ ಕಟ್ಟತೊಡಗಿದ ಬಂದರು ಸೆವಾಸ್ತೊಪೊಲ್ ಎನಿಸಿತು. ರೋಮನ್ ಚಕ್ರವರ್ತಿ ಗ್ರೇಷಿಯನ್ನನ ಹೆಸರಿಗೆ ಗ್ರೀಕ್ ಬಾಲ ಹತ್ತಿ ಗ್ರಾಷಿಯಾನೊಪೊಲಿಸ್ ಆದದ್ದು, ಫ್ರಾನ್ಸಿನಲ್ಲಿ ಸವೆದು ಗ್ರೆನೋಬ್ಲ್ ಆಗಿ ನಿಂತಿದೆ. ಅದೂ ಕಲಬೆರಕೆಯೇ! ಇತ್ತ, 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಹಸನ ಬಹಮನ ಷಹನು ಕಲಬುರಗಿಗೆ ಅಹಸನಾಬಾದೆಂಬ ಹೆಸರನ್ನಿತ್ತನು. ಆ ‘ಆಬಾದ್’ ಉದುರಿಹೋಯಿತು. ಸುಲ್ತಾನನಿಗಂಟಿದ ಪುರವಾದರೋ ಸವೆಯದೆ, ಮುರಿಯದೆ ಉಳಿದಿದೆ.